ಮಾರಿಯೋ ಮೀಸೆಗೊಂದು ಮೊಳೆ

ಮಾರಿಯೋಗೆ ಮೀಸೆ ಯಾಕೆ ಬಂತು ಅಂತ ನಿಮಗೆ ಗೊತ್ತೇ ಇರುತ್ತೆ, ಅಲ್ವಾ? ಬಾಯಿ ಬರೆಯೋಕೆ ಜಾಗ ಇರಲಿಲ್ಲ, ಅದಕ್ಕೆ. 1981ರಲ್ಲಿ ಡಾಂಕಿ ಕಾಂಗ್ ವಿಡಿಯೋ ಗೇಮಿಗಾಗಿ ಈ ಕುಳ್ಳನನ್ನು ರೂಪಿಸುವಾಗ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಕೈಲಿ ಇದ್ದದ್ದು ಪರದೆಯ ಒಂದು ಹಿಡಿ ಚೌಕಗಳು. ಅಷ್ಟರೊಳಗೆ ಮೂಗು, ಬಾಯಿ ಎರಡನ್ನೂ ಬೇರೆಬೇರೆ ತೋರಿಸೋದು ಹೇಗೆ? ದೊಡ್ಡ ಮೂಗು ಇಟ್ಟು, ಅದರ ಕೆಳಗೊಂದು ಮೀಸೆ ಎಳೆದುಬಿಟ್ಟರು. ಬಾಯಿಯ ಗೊಡವೆಯೇ ತಪ್ಪಿತು. ಕೂದಲು ಬರೆಯೋದು ರಗಳೆ ಅಂತ ತಲೆಗೊಂದು ಟೋಪಿ. ಕೈ ಬೀಸೋದು ಎದ್ದು ಕಾಣಲಿ ಅಂತ ಅಂಗಿಗೊಂದು ಬಣ್ಣ, ಅದರ ಮೇಲಿನ ಓವರಾಲಿಗೊಂದು ಬಣ್ಣ. ಆ ಆಟದಲ್ಲಿ ಅವನಿಗೆ ಮಾರಿಯೋ ಅನ್ನೋ ಹೆಸರೂ ಇರಲಿಲ್ಲ, ಜಂಪ್‌ಮ್ಯಾನ್ ಅಂತಿದ್ದರು. ಮೀಸೆ ಮಾತ್ರ ಆಗಲೇ ಬಂದಿತ್ತು.

ಈ ಮೀಸೆ ಪುರಾಣ ಯಾಕೆ ತೆಗೆದೆ ಅಂದರೆ, ಪಕ್ಕದ್ಮನೆ ಹುಡುಗ ತನ್ನ ರೂಮಿನ ಗೋಡೆಗೆ ಮಾರಿಯೋನನ್ನ ಏರಿಸಿದ್ದಾನೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಚಿಕ್ಕ ಮಾರಿಯೋ, 12 ಚೌಕ ಅಗಲ, 16 ಚೌಕ ಎತ್ತರ. ಒಂದೊಂದು ಚೌಕ ಎರಡಿಂಚು ಬರೋ ಹಾಗೆ ಪ್ರಿಂಟ್ ಹಾಕಿಸಿದ್ದಾನೆ. ಹತ್ತಿರ ನಿಂತರೆ ಬರೀ ಬಣ್ಣದ ಚೌಕ, ಬಾಗಿಲ ಕಡೆ ನಾಲ್ಕು ಹೆಜ್ಜೆ ಸರಿದರೆ ಮನುಷ್ಯ. ನಾನಂತೂ ಆ ಕಡೆ ಹೋದಾಗಲೆಲ್ಲ ಹಿಂದೆ ಮುಂದೆ ಓಡಾಡಿ ನೋಡ್ತೀನಿ. ಇರೋದು ಮೂರೇ ಬಣ್ಣ. ಟೋಪಿಗೂ ಓವರಾಲಿಗೂ ಕೆಂಪು. ಮುಖ, ಕೈ, ಕೊನೆಗೆ ಓವರಾಲಿನ ಗುಂಡಿಗೂ ಒಂದೇ ಚರ್ಮದ ಬಣ್ಣ. ಉಳಿದ ಕೂದಲು, ಕಣ್ಣು, ಮೀಸೆ, ಅಂಗಿ, ಬೂಟು ಅಷ್ಟಕ್ಕೂ ಸೇರಿ ಒಂದು ಕಂದು. ಒಂದೇ ಒಂದು ಕಂದು ಚೌಕ ಆಚೀಚೆ ಆದರೆ ಮೀಸೆ ಹೋಗಿ ಗಡ್ಡ ಆಗುತ್ತೆ. ಇಷ್ಟು ಕಡಿಮೆಯಲ್ಲಿ ಇಷ್ಟು ಜೀವ ತುಂಬೋದು ಅಂದರೆ ತಮಾಷೆ ಮಾತಲ್ಲ ಕಣ್ರೀ.

ಆ ಹುಡುಗನ ಅಜ್ಜಿ ಧಾರವಾಡದವರು. ಮೊದಲ ಸಲ ರೂಮಿಗೆ ಬಂದು ಅದನ್ನ ನೋಡಿದಾಗ ನಾನೂ ಅಲ್ಲೇ ಇದ್ದೆ. ಕನ್ನಡಕ ಮೇಲೆ ಸರಿಸಿಕೊಂಡು, ಬೆರಳಿಟ್ಟು ಚೌಕ ಎಣಿಸಿದರು. ಆಮೇಲೆ "ತಮ್ಮಾ, ಇದು ನಮ್ಮ ಕಸೂತಿ ಲೆಕ್ಕನ ಐತಲ್ಲೋ. ಎಳಿ ಎಣಿಸಿ ಹಾಕೋದು" ಅಂದರು. ಸತ್ಯವಾದ ಮಾತು. ಕಸೂತಿಯವರು ಬಟ್ಟೆ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳಲ್ಲ, ಹಾಸು ಹೊಕ್ಕಿನ ಎಳೆ ಎಣಿಸಿಕೊಂಡೇ ಗೋಪುರ, ತೇರು, ಆನೆ, ನವಿಲು ಎಲ್ಲ ಎಬ್ಬಿಸ್ತಾರೆ. ಜಪಾನಿನಲ್ಲಿ ಮಿಯಾಮೊಟೊ ಮತ್ತು ಅವರ ಜೊತೆಯವರು ಮಾಡಿದ್ದೂ ಹಾಗೇ. ಗ್ರಾಫ್ ಕಾಗದ ಹರಡಿಕೊಂಡು, ಬಣ್ಣದ ಪೆನ್ನಿನಲ್ಲಿ ಮನೆ ಮನೆ ತುಂಬ್ತಾ ಕೂತಿದ್ದರು. ಈಗ ಅಜ್ಜಿ ಒಂದು ದಿಂಬಿನ ಕವರಿಗೆ ಅಣಬೆ ಹಾಕ್ತಿದ್ದಾರೆ. ಮಾರಿಯೋ ತಿಂದು ದೊಡ್ಡವನಾಗ್ತಾನಲ್ಲ, ಅದೇ ಅಣಬೆ. ಕೆಂಪು ದಾರ ಮುಗಿದು ಕೆಲಸ ನಿಂತಿದೆ.

ಹಾಂ, ಗೋಡೆ ವಿಷಯ. ನಮ್ಮ ಕಾಲದ ಗೋಡೆಗಳಿಗೂ ಒಂದು ಗಮ್ಮತ್ತಿತ್ತು ಬಿಡಿ. ನಡುಮನೆಯಲ್ಲಿ ಸಾಲಾಗಿ ಕಟ್ಟು ಹಾಕಿಸಿದ ದೇವರ ಫೋಟೋ, ತೀರಿಹೋದ ಹಿರಿಯರದ್ದು, ಮದುವೆಯ ಗ್ರೂಪ್ ಫೋಟೋ. ಎಲ್ಲವೂ ಸೂರಿನ ಹತ್ತಿರ, ಮೇಲ್ಭಾಗ ಮುಂದಕ್ಕೆ ಬಾಗಿಸಿ ಹಗ್ಗದಲ್ಲಿ ಕಟ್ಟಿರೋದು, ಕೆಳಗೆ ಕೂತವರಿಗೆ ಕಾಣಲಿ ಅಂತ. ಆ ಫೋಟೋಗೂ ಗೋಡೆಗೂ ನಡುವಿನ ಸಂದಿಯಲ್ಲಿ ಗುಬ್ಬಚ್ಚಿ ಗೂಡು ಕಟ್ಟೋದು. ಮರಿ ಹಾರಿಹೋಗೋ ತನಕ ಆ ಫೋಟೋದ ಧೂಳು ಹೊಡೆಯೋ ಹಾಗಿರಲಿಲ್ಲ. ಇನ್ನು ಹುಡುಗರ ಮೂಲೆಯಲ್ಲಿ ಸ್ಪೋರ್ಟ್‌ಸ್ಟಾರ್ ಪತ್ರಿಕೆಯ ನಡುಪುಟ ಬಿಚ್ಚಿ ಅಂಟಿಸಿದ ಆಟಗಾರರು. ಅಂಟು ಅಂದರೆ ಅನ್ನದ ಅಗುಳು, ಇಲ್ಲ ಮೈದಾ ಗಂಜಿ. ಊರ ಗೋಡೆಯ ಸಿನಿಮಾ ಪೋಸ್ಟರಿಗೂ ಅದೇ ಮೈದಾ. ಬೆಳಗಾಗೋದರೊಳಗೆ ಹಸು ಬಂದು ನಾಯಕನನ್ನ ಮಂಡಿ ತನಕ ಮೇಯ್ದು ಹೋಗಿರೋದು. ಹಸು ಕೊರಳೆತ್ತಿದರೆ ಎಷ್ಟೆತ್ತರ ಬರುತ್ತೆ ಅಂತ ಲೆಕ್ಕ ಹಾಕಿ ಅದಕ್ಕಿಂತ ಮೇಲೆ ಅಂಟಿಸೋ ಜಾಣರೂ ಇದ್ದರು.

ಆ ಪೋಸ್ಟರ್ ಬರೆದವರನ್ನ ಮಾತ್ರ ನಾವು ಬಹಳ ಕಾಲ ಕಲಾವಿದರ ಸಾಲಿಗೆ ಸೇರಿಸಲೇ ಇಲ್ಲ, ಅಲ್ವಾ? ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ಕ್ಯಾಲೆಂಡರಿಗೆ ದೇವರನ್ನೂ ಬರೆದರು, ಮುಂಬಯಿಯಲ್ಲಿ ಸಿನಿಮಾ ಪೋಸ್ಟರನ್ನೂ ಬರೆದರು. ಅವರ ಚಿತ್ರ ಎಷ್ಟು ಮನೆ ಗೋಡೆ ಮೇಲಿತ್ತೋ ಲೆಕ್ಕವಿಲ್ಲ. ಬರೆದವರ ಹೆಸರು ಕೇಳಿದವರು ಎಷ್ಟು ಜನ? ವಿಡಿಯೋ ಗೇಮಿನ ಪೆಟ್ಟಿಗೆ ಮೇಲೆ ಚಿತ್ರ ಬರೆದವರದ್ದೂ ಅದೇ ಹಾಡು. ನನಗೆ ಈ ಹಳೇ ಆಟದ ಪೋಸ್ಟರುಗಳ ಮೇಲೆ ಇಷ್ಟೊಂದು ಪ್ರೀತಿ ಹುಟ್ಟಿದ್ದೇ ಅವರಿಂದ.

ಅಮೆರಿಕದ ಗೇಮ್ ಕಂಪನಿ ಅಟಾರಿಯವರ ಪೆಟ್ಟಿಗೆಗಳನ್ನೇ ನೋಡಿ. 1977ರಲ್ಲಿ ಬಂದ ಅವರ ಆ ಮರದ ಮುಖದ ಯಂತ್ರದಲ್ಲಿ ಇದ್ದ ಮೆಮೊರಿ 128 ಬೈಟ್. ಕಿಲೋ ಅಲ್ಲ, ಮೆಗಾ ಅಲ್ಲ, ಬರೀ ಬೈಟ್. ಈ ಪ್ಯಾರಾದ ಮೊದಲೆರಡು ಸಾಲೂ ಅದರಲ್ಲಿ ಹಿಡಿಸಲ್ಲ. ಪರದೆ ಮೇಲೆ ಏನು ತಾನೇ ಕಂಡೀತು? ಒಂದು ಚೌಕ, ಒಂದು ಗೆರೆ, ಒಂದು ಚುಕ್ಕಿ. ಇದನ್ನ ಅಂಗಡಿಯಲ್ಲಿ ಮಾರಬೇಕಲ್ಲ, ಅದಕ್ಕೆ ಕ್ಲಿಫ್ ಸ್ಪಾನ್, ಸೂಸನ್ ಜೇಕಲ್ ಅಂಥ ಚಿತ್ರಕಾರರನ್ನ ಹಿಡಿದು ಪೆಟ್ಟಿಗೆ ಮೇಲೆ ಚಿತ್ರ ಬರೆಸಿದರು. ಕಾಂಬ್ಯಾಟ್ ಆಟದ ಪೆಟ್ಟಿಗೆ ಮೇಲೆ ಸ್ಪಾನ್ ಬರೆದಿರೋ ಟ್ಯಾಂಕು, ವಿಮಾನ ಎಲ್ಲ ಒಂದರೊಳಗೊಂದು ನುಗ್ಗಿಕೊಂಡು ಬರ್ತಾವೆ, ಸದ್ದು ಕೇಳಿಸೋ ಹಾಗಿದೆ. ಒಳಗೆ ಆಟ ಹಾಕಿದರೆ ಟ್ಯಾಂಕು ಅಂಗೈ ಮೇಲಿನ ಬೆಂಕಿಪೊಟ್ಟಣದಷ್ಟು.

ಅಡ್ವೆಂಚರ್ ಅಂತ ಇನ್ನೊಂದು. ಪೆಟ್ಟಿಗೆ ಮೇಲೆ ಜೇಕಲ್ ಬರೆದ ಡ್ರ್ಯಾಗನ್ನು, ಸುತ್ತಿ ಸುಳಿದು ಹೋಗೋ ಕೋಟೆ, ನೋಡ್ತಾ ನೋಡ್ತಾ ಕಳೆದುಹೋಗಬೇಕು. ಆಟದೊಳಗೆ ಆ ಡ್ರ್ಯಾಗನ್ ಬಾತುಕೋಳಿ ಥರ ಕಾಣುತ್ತೆ! ಸುಮ್ಮನೆ ಹೇಳ್ತಿಲ್ಲ, ಆಡಿದ ಯಾರನ್ನ ಬೇಕಾದರೂ ಕೇಳಿ. ಇನ್ನು ಕಥಾನಾಯಕ ಒಂದು ಚೌಕ. ಕತ್ತಿ ಹಿಡಿದ ವೀರನೂ ಅಲ್ಲ, ಮನುಷ್ಯನ ಆಕಾರವೂ ಇಲ್ಲ, ಬರೀ ಚೌಕ. ಆದರೂ ಮಕ್ಕಳು ಆ ಬಾತುಕೋಳಿ ಅಟ್ಟಿಸಿಕೊಂಡು ಬಂದರೆ ನಿಜಕ್ಕೂ ಹೆದರಿ ಓಡ್ತಿದ್ದರು. ಯಾಕೆ? ಪೆಟ್ಟಿಗೆ ಮೇಲಿನ ಡ್ರ್ಯಾಗನ್ ಮನಸ್ಸಿನಲ್ಲಿ ಕೂತಿತ್ತು. ಆಟದ ಅರ್ಧ ಪರದೆಯಲ್ಲಿದ್ದರೆ ಉಳಿದರ್ಧ ಆ ರಟ್ಟಿನ ಮೇಲಿತ್ತು. ಅದಕ್ಕೇ ನಾನು ಹೇಳೋದು, ಇವತ್ತು ಆ ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ಏರಿಸೋರು ಜಾಹೀರಾತು ತೂಗುಹಾಕ್ತಿಲ್ಲ, ಆಟದ ಆ ಅರ್ಧವನ್ನ ತೂಗುಹಾಕ್ತಿದ್ದಾರೆ. ಅಡ್ವೆಂಚರ್ ಆಟ ರೂಪಿಸಿದ ವಾರನ್ ರಾಬಿನೆಟ್ ತನ್ನ ಹೆಸರನ್ನ ಆಟದೊಳಗಿನ ಒಂದು ಗುಟ್ಟಿನ ಕೋಣೆಯಲ್ಲಿ ಬಚ್ಚಿಟ್ಟಿದ್ದ. ಆಟ ಮಾಡಿದವರ ಹೆಸರನ್ನ ಕಂಪನಿ ಎಲ್ಲೂ ಹಾಕ್ತಿರಲಿಲ್ಲವಲ್ಲ, ಅದಕ್ಕೆ. ಪೆಟ್ಟಿಗೆ ಚಿತ್ರದವರ ಕೆಲಸವನ್ನೆಲ್ಲ ಒಂದೆಡೆ ಸೇರಿಸಿ ಟಿಮ್ ಲ್ಯಾಪಟಿನೊ 2016ರಲ್ಲಿ ಆರ್ಟ್ ಆಫ್ ಅಟಾರಿ ಅಂತ ದೊಡ್ಡ ಪುಸ್ತಕ ತಂದರು. ಬಹಳ ತಡವಾಗಿ ಆದ ಒಳ್ಳೇ ಕೆಲಸ.

ಪೆಟ್ಟಿಗೆಗೂ ಆಟಕ್ಕೂ ತಾಳಮೇಳ ಇಲ್ಲದ ಚಿತ್ರಗಳದ್ದೇ ಇನ್ನೊಂದು ಮಜ. 1978ರ ಸ್ಪೇಸ್ ಇನ್‌ವೇಡರ್ಸ್‌ನಲ್ಲಿ ತೊಮೊಹಿರೊ ನಿಶಿಕಾದೊ ಬರೆದ ಅನ್ಯಗ್ರಹದವರು ಆಕ್ಟೋಪಸ್, ಏಡಿ, ಸ್ಕ್ವಿಡ್ ನೋಡಿ ಮಾಡಿದ ರೂಪಗಳು. ಆದರೆ ಆ ಆಟದ ಯಂತ್ರದ ಪಕ್ಕೆ ಮೇಲಿನ ಚಿತ್ರದಲ್ಲಿ ನಿಂತಿರೋರು ಎರಡು ಕಾಲಿನ ದೈತ್ಯರು. ಆಟಕ್ಕೆ ಮೊದಲು ಸ್ಪೇಸ್ ಮಾನ್‌ಸ್ಟರ್ಸ್ ಅಂತ ಹೆಸರಿತ್ತು, ಚಿತ್ರಕಾರ ಅದನ್ನಷ್ಟೇ ನಂಬಿ ಬರೆದ ಅಂತ ನಿಶಿಕಾದೊ ಅವರೇ ಹೇಳಿದ್ದಾರೆ. ಮೆಗಾ ಮ್ಯಾನ್ ಕಥೆ ಇನ್ನೂ ಚೆನ್ನಾಗಿದೆ. ಆಟದಲ್ಲಿ ಅವನು ನೀಲಿ ಬಣ್ಣದ ಮುದ್ದು ಪೋರ, ಕೈಯೇ ತೋಪು. ಅಮೆರಿಕದ ಪೆಟ್ಟಿಗೆ ಮೇಲೆ ನೋಡಿದರೆ ಹಳದಿ ನೀಲಿ ಬಟ್ಟೆ ತೊಟ್ಟ ನಡುವಯಸ್ಸಿನವರೊಬ್ಬರು ಪಿಸ್ತೂಲು ಹಿಡಿದು ಸೊಟ್ಟಗೆ ನಿಂತಿದ್ದಾರೆ! ಜನ ಎಷ್ಟು ಆಡಿಕೊಂಡರು ಅಂದರೆ, ಮೆಗಾ ಮ್ಯಾನ್ ಮಾಡಿದ ಕ್ಯಾಪ್‌ಕಾಮ್‌ನವರು 2012ರ ಒಂದು ಹೊಡೆದಾಟದ ಗೇಮಿನಲ್ಲಿ ಆ ಪೆಟ್ಟಿಗೆ ಮನುಷ್ಯನನ್ನೇ ಒಂದು ಪಾತ್ರ ಮಾಡಿದರು. ನನಗೆ ಕೇಳಿದರೆ ನಡುಮನೆಗೆ ಅದಕ್ಕಿಂತ ಒಳ್ಳೇ ಚಿತ್ರ ಇಲ್ಲ. ಬಂದೋರು ಕೇಳೇ ಕೇಳ್ತಾರೆ, ಮಾತು ತಾನಾಗಿ ಶುರುವಾಗುತ್ತೆ.

ನಮ್ಮಲ್ಲಿಗೆ ಅಟಾರಿ ಪೆಟ್ಟಿಗೆ ಬಂದದ್ದು ಕಮ್ಮಿ. ನಮಗೆ ಬಂದದ್ದು ತೊಂಬತ್ತರ ದಶಕದ ಟೀವಿ ಗೇಮು, ನಿಂಟೆಂಡೊ ಯಂತ್ರದ ನಕಲು. ಅದಕ್ಕೆ ಹಾಕೋ ಕಾರ್ಟ್ರಿಜ್ಜನ್ನ ನಾವು ಕ್ಯಾಸೆಟ್ ಅಂತಲೇ ಕರೆದದ್ದು. ಬೇಸಿಗೆ ರಜೆಯಲ್ಲಿ ಗಂಟೆ ಲೆಕ್ಕದಲ್ಲಿ ಆಡಿಸೋ ಅಂಗಡಿ, ಸ್ಟೂಲಿನ ಮೇಲೆ ಇಬ್ಬರು, ಹಿಂದೆ ನಿಂತು ಸಲಹೆ ಕೊಡೋರು ಹತ್ತು ಜನ. ಕ್ಯಾಸೆಟ್ ಓಡದಿದ್ದರೆ ತೆಗೆದು ಉಫ್ ಅಂತ ಊದೋದು. ಅದರ ಸ್ಟಿಕ್ಕರ್ ಮೇಲೆ ಮಾರಿಯೋ, ಯಾವುದೋ ಕಾರ್ಟೂನು, ಯಾವುದೋ ಕಾರು, ಎಲ್ಲ ಕಲಸುಮೇಲೋಗರ. ಮೇಲೊಂದು 9999 ಇನ್ 1 ಅಂತ. ಒಳಗೆ ಇದ್ದದ್ದು ನಾಲ್ಕಾರು ಆಟ, ಅವೇ ಮತ್ತೆ ಮತ್ತೆ ಬೇರೆ ಹೆಸರಲ್ಲಿ. ಆ ಸ್ಟಿಕ್ಕರುಗಳನ್ನ ಸ್ಕ್ಯಾನ್ ಮಾಡಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದರೆ ನಮ್ಮ ಊರಿನ ಹಳೇ ಆಟದ ಪೋಸ್ಟರ್ ಅಂದರೆ ಅದೇ. ಯಾರ ಮನೆ ಅಟ್ಟದಲ್ಲಾದರೂ ಅಂಥ ಕ್ಯಾಸೆಟ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಆ ಕ್ಯಾಸೆಟ್ಟುಗಳ ರಾಜ ಕಾಂಟ್ರಾ, ಅದನ್ನ ಹೇಳೋದೇ ಬೇಡ. ಅದರ ಪೆಟ್ಟಿಗೆ ಚಿತ್ರ ಬ್ರಿಟನ್ನಿನ ಬಾಬ್ ವೇಕ್ಲಿನ್ ಬರೆದದ್ದು. ಬಂದೂಕು ಹಿಡಿದ ಇಬ್ಬರಲ್ಲಿ ಒಬ್ಬ ಥೇಟ್ ಅರ್ನಾಲ್ಡ್ ಶ್ವಾರ್ಜನೆಗರ್, ಇನ್ನೊಬ್ಬ ಸಿಲ್ವೆಸ್ಟರ್ ಸ್ಟಲೋನ್. ಆಟದೊಳಗೆ ಅವರಿಬ್ಬರೂ ಹೆಬ್ಬೆರಳಷ್ಟು, ಪಲ್ಟಿ ಹೊಡೆದರೆ ಉಂಡೆ. ಅಂಗಡಿಯಲ್ಲಿ ಆಡಿದ ನಮ್ಮ ಹುಡುಗರು ಆ ಪೆಟ್ಟಿಗೆ ಚಿತ್ರವನ್ನ ನೋಡೇ ಇರಲಿಲ್ಲ. ಈಗ ನಲವತ್ತು ದಾಟಿದ ಮೇಲೆ ಪೋಸ್ಟರಿನಲ್ಲಿ ಮೊದಲ ಸಲ ನೋಡಿ "ಓಹೋ, ನಾವು ಇವರಾಗಿದ್ವಾ!" ಅಂತ ಕಣ್ಣರಳಿಸ್ತಾರೆ. ಅದನ್ನ ನೋಡೋದೇ ಒಂದು ಖುಷಿ.

ಗೋಡೆ ಅಂದಮೇಲೆ ಪ್ಯಾರಿಸ್ಸಿನ ಆ ಮಹಾಶಯನ ವಿಷಯ ಬಿಡೋಕಾಗಲ್ಲ. ಇನ್ವೇಡರ್ ಅನ್ನೋ ಹೆಸರಲ್ಲೇ ಓಡಾಡ್ತಾನೆ, ಮುಖ ತೋರಿಸಲ್ಲ. 1998ರಿಂದ ರಾತ್ರಿ ಹೊತ್ತು ಏಣಿ ಹಾಕಿ, ಬಚ್ಚಲುಮನೆಯ ಟೈಲ್ಸ್ ಜೋಡಿಸಿದ ಸ್ಪೇಸ್ ಇನ್‌ವೇಡರ್ಸ್ ಜೀವಿಗಳನ್ನ ಊರೂರ ಗೋಡೆಗೆ ಸಿಮೆಂಟಿನಲ್ಲಿ ಕೂರಿಸ್ತಾ ಬಂದಿದ್ದಾನೆ. ಒಂದು ಟೈಲ್ ಅಂದರೆ ಒಂದು ಚೌಕ, ಲೆಕ್ಕ ಸರಿಹೋಯಿತು. ಜಗತ್ತಿನಾದ್ಯಂತ ನಾಲ್ಕು ಸಾವಿರ ದಾಟಿವೆ. ನಮ್ಮ ವಾರಾಣಸಿಗೂ ಬಂದು ಅಂಟಿಸಿ ಹೋಗಿದ್ದಾನೆ. ಕದಿಯೋಕೆ ಉಳಿ ಹಾಕಿದವರಿಗೆ ಸಿಕ್ಕೋದು ಟೈಲ್ಸ್ ಚೂರು. ಅನುಮತಿ ಇಲ್ಲದೆ ಪರರ ಗೋಡೆಗೆ ಹಾಕೋದು ಸರಿಯೋ ತಪ್ಪೋ ಅಂತ ವಾದ ಇದ್ದೇ ಇದೆ. ಆದರೆ ಗೋಡೆಯ ಯಾವ ಮೂಲೆಯಲ್ಲಿ, ಎಷ್ಟೆತ್ತರಕ್ಕೆ ಕೂರಿಸಿದರೆ ಕಣ್ಣು ತಟ್ಟನೆ ಅತ್ತ ಹೋಗುತ್ತೆ ಅನ್ನೋದನ್ನ ಅವನಷ್ಟು ಬಲ್ಲವರನ್ನ ನಾ ಕಾಣೆ.

ನಾಜೂಕು ಬೇಕು ಅನ್ನೋರಿಗೆ ಇನ್ನೊಂದಿದೆ. ಅಮೆರಿಕದ ಚಿತ್ರಕಾರ ಜೆಡ್ ಹೆನ್ರಿ ಮತ್ತು ಟೋಕಿಯೋದಲ್ಲಿ ನೆಲೆಸಿರೋ ಡೇವಿಡ್ ಬುಲ್ ಸೇರಿ 2012ರಲ್ಲಿ ಉಕಿಯೊ-ಎ ಹೀರೋಸ್ ಅಂತ ಶುರು ಮಾಡಿದರು. ವಿಡಿಯೋ ಗೇಮಿನ ವೀರರನ್ನೆಲ್ಲ ಹಳೇ ಜಪಾನಿನ ಮರದಚ್ಚಿನ ಚಿತ್ರಗಳಾಗಿ ಮಾಡೋದು. ಮಾರಿಯೋ ಕಾರ್ಟ್ ಆಟದ ಓಟದ ಬಂಡಿ ಅಲ್ಲಿ ಕೈರಿಕ್ಷಾ ಆಗಿದೆ. ಹೆನ್ರಿ ಬರೆದದ್ದನ್ನ ಚೆರ್ರಿ ಮರದ ಹಲಗೆಯಲ್ಲಿ ಕೆತ್ತಬೇಕು, ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು, ಪ್ರತಿ ಅಚ್ಚಿಗೂ ಅದೇ ಕಾಗದ ಕೂದಲೆಳೆಯಷ್ಟೂ ಸರಿಯದ ಹಾಗೆ ಕೂರಿಸಿ ಕೈಯಲ್ಲೇ ಉಜ್ಜಬೇಕು. ಕಾಗದಕ್ಕೆ ಬಣ್ಣ ಮೆತ್ತಿಕೊಳ್ಳಲ್ಲ, ನಾರಿನೊಳಕ್ಕೆ ಇಳಿಯುತ್ತೆ. ಬೆಳಕು ಓರೆಯಾಗಿ ಬಿದ್ದಾಗ ಅಚ್ಚಿನ ಒತ್ತು ಕೂಡ ಕಾಣುತ್ತೆ. ಇದರಲ್ಲೊಂದು ನ್ಯಾಯವೂ ಇದೆ ನೋಡಿ, ನಿಂಟೆಂಡೊ ಕಂಪನಿ 1889ರಲ್ಲಿ ಕ್ಯೋಟೋದಲ್ಲಿ ಶುರುವಾದದ್ದು ಕೈಯಲ್ಲಿ ತಯಾರಿಸಿದ ಹೂವಿನ ಚಿತ್ರದ ಇಸ್ಪೀಟಿನಿಂದ.

ಸರಿ, ನೀವು ಹಾಕಿಸೋದಾದರೆ ಒಂದೆರಡು ಮಾತು ಹೇಳ್ತೀನಿ. ಚೌಕದ ಚಿತ್ರ ದೊಡ್ಡದು ಮಾಡಿಸುವಾಗ ಅಂಚು ನಯ ಮಾಡೋಕೆ ಬಿಡಬೇಡಿ. ಪಕ್ಕದ್ಮನೆ ಹುಡುಗನ ಮೊದಲ ಪ್ರಿಂಟು ಹಾಗೇ ಕೆಟ್ಟಿತು. ಅಂಗಡಿಯವರು ಪಾಪ, ಚಿತ್ರ ಒಡೆದಿದೆ ಅಂದುಕೊಂಡು ಸರಿಮಾಡಲು ಹೋಗಿ ಮಾರಿಯೋ ಮುಖವನ್ನ ಮಂಜಿನಲ್ಲಿ ಮುಳುಗಿಸಿದ್ದರು. ಮನೆಯಲ್ಲೇ ಚಿತ್ರ ತಿದ್ದೋ ಸಾಫ್ಟ್‌ವೇರಿನ ನಿಯರೆಸ್ಟ್ ನೈಬರ್ ಅನ್ನೋ ಆಯ್ಕೆಯಲ್ಲಿ ಬೇಕಾದ ಅಳತೆಗೆ ಹಿಗ್ಗಿಸಿ ಒಯ್ದರೆ ಒಂದೊಂದು ಚೌಕವೂ ಗರಿಗರಿ ಉಳಿಯುತ್ತೆ. ಇನ್ನೊಂದು ಸೂಕ್ಷ್ಮ ಇದೆ. ಮಾರಿಯೋ ಓಡ್ತಿದ್ದ ನಿಂಟೆಂಡೊ ಯಂತ್ರದ ಚಿತ್ರ 256ಕ್ಕೆ 240 ಚೌಕ, ಅದನ್ನ ಹಳೇ ಟೀವಿ ಅಡ್ಡಕ್ಕೆ ಸ್ವಲ್ಪ ಎಳೆದು ತೋರಿಸ್ತಿತ್ತು. ಹಾಗಾಗಿ ಸರಿಚೌಕದಲ್ಲಿ ಪ್ರಿಂಟ್ ಹಾಕಿದರೆ ಮಾರಿಯೋ ನಾವು ಕಂಡದ್ದಕ್ಕಿಂತ ಸಣಕಲಾಗಿ ಕಾಣ್ತಾನೆ. ನೆನಪಿನ ಮಾರಿಯೋನೇ ಬೇಕಿದ್ದರೆ ಅಗಲವನ್ನ ಏಳಕ್ಕೆ ಎಂಟರಷ್ಟು ಹೆಚ್ಚಿಸಿ. ಇಡೀ ದೃಶ್ಯವನ್ನೇ ಹಾಕಿಸಿದರೆ ಮೋಡ, ಪೊದೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ ಚಿತ್ರ, ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ! ಇಡೀ ಆಟವನ್ನ 40 ಕಿಲೋಬೈಟಿನಲ್ಲಿ ಮುಗಿಸಬೇಕಿತ್ತಲ್ಲ.

ಬಿಸಿಲು ಬೀಳೋ ಗೋಡೆ ಮಾತ್ರ ಬೇಡ. ಹಳೇ ಕ್ಷೌರದಂಗಡಿಯಲ್ಲಿ ನೀಲಿಗಟ್ಟಿದ ಹೇರ್‌ಸ್ಟೈಲ್ ಚಿತ್ರ ನೋಡಿದ್ದೀರಲ್ಲ, ಕೆಂಪು ಹಳದಿ ಮೊದಲು ಹಾರಿಹೋಗುತ್ತೆ, ನೀಲಿ ಕಪ್ಪು ಉಳಿಯುತ್ತೆ. ಚುಕ್ಕಿ ತಿನ್ನೋ ಆಟದ ಪ್ಯಾಕ್‌ಮನ್‌ಗೆ ಹಾಗಾದರೆ ಏನುಳೀತು ಹೇಳಿ? ಹಳದಿಯೇ ಅವನ ಪ್ರಾಣ. ಅವನನ್ನ ನಾಲ್ಕು ಭೂತ, 240 ಚುಕ್ಕಿಗಳ ಸಮೇತ ಹಾಕಿಸೋದಾದರೆ ಪಡಸಾಲೆಯ ನೆರಳಿನ ಗೋಡೆ ಚೆಂದ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದವರೇ 2012ರಲ್ಲಿ ಒಳಗೆ ಸೇರಿಸಿಕೊಂಡ 14 ಆಟಗಳಲ್ಲಿ ಅವನದೂ ಒಂದು. ಮಳೆಗಾಲದಲ್ಲಿ ಶೀತ ಒಸರೋ ಗೋಡೆಗೆ ಗಾಜಿನ ಕಟ್ಟು ಹಾಕಿಸಿ, ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಗುಂಡಿ ಅಂಟಿಸಿ ಗಾಳಿಯಾಡೋಕೆ ಬಿಡಿ. ಎತ್ತರದ ವಿಷಯದಲ್ಲಿ ಗ್ಯಾಲರಿಯವರು ಸಾಮಾನ್ಯವಾಗಿ ಚಿತ್ರದ ನಡುಮಧ್ಯ ನೆಲದಿಂದ 57 ಇಂಚಿಗೆ ಬರೋ ಹಾಗೆ ನೋಡ್ತಾರೆ. ಬಾಡಿಗೆ ಮನೆಯವರು ಡಬಲ್ ಟೇಪ್ ಹಾಕೋ ಮುಂಚೆ ಓನರನ್ನ ಕೇಳಿಬಿಡಿ, ಕೀಳುವಾಗ ಬಣ್ಣ ಸಮೇತ ಬರುತ್ತೆ.

ಒಂದು ಗೋಡೆಗೆ ಒಂದು ಸಾಕು ಅನ್ನೋದು ನನ್ನ ಮಾತು. ಸಂತೆ ಮಾಡಿದರೆ ಯಾವುದರ ಮೇಲೂ ಕಣ್ಣು ನಿಲ್ಲಲ್ಲ. ನಿಮ್ಮ ಮೆಟ್ಟಿಲ ಪಕ್ಕದ ಉದ್ದನೆ ಗೋಡೆ ಖಾಲಿ ಇದೆಯಲ್ಲ, ಅದಕ್ಕೆ ಡಾಂಕಿ ಕಾಂಗಿನ ಮೊದಲ ಮಜಲು ಹೇಳಿಮಾಡಿಸಿದ ಹಾಗಿದೆ. ಮಾರಿಯೋ ಆಟದ ಪರದೆ ಅಡ್ಡ, ಡಾಂಕಿ ಕಾಂಗಿನದು ಉದ್ದ, ಅಳತೆ ತಾನೇ ಕೂರುತ್ತೆ. ಕೆಂಪು ತೊಲೆಗಳು, ಏಣಿಗಳು, ಉರುಳಿ ಬರೋ ಪೀಪಾಯಿ, ತುತ್ತತುದಿಯಲ್ಲಿ ಗೊರಿಲ್ಲ. ದಿನಾ ಮೆಟ್ಟಿಲು ಹತ್ತೋವಾಗ ಪಕ್ಕದಲ್ಲಿ ಮಾರಿಯೋನೂ ಏಣಿ ಹತ್ತುತ್ತಾ ಇರ್ತಾನೆ. ಪ್ರಿಂಟಿಗೆ ಹೋಗೋ ದಿನ ಹೇಳಿ, ಹುಡುಗನನ್ನ ಜೊತೆಗೆ ಕಳಿಸ್ತೀನಿ, ಅವನಿಗೀಗ ಆ ಅಂಗಡಿಯವರ ಹತ್ತಿರ ಹೇಗೆ ಹೇಳಿ ಮಾಡಿಸಬೇಕು ಅಂತ ಗೊತ್ತಾಗಿದೆ. ಏನಂತೀರಿ?